ಕೊಲೈಟಿಸ್ ಇರೋ ಸ್ಟಾಫ್ ನರ್ಸ್, ಮೆಡಿಕಲ್ ವಾರ್ಡ್ ಡ್ಯೂಟಿ, ಬಿಟ್ಟ ಮಾತ್ರೆ: ಒಂದು ಪ್ರಕರಣ

ಇದು ಮಲೆನಾಡಿನ ಅಂಚಲ್ಲಿರೋ ಒಂದು ಜಿಲ್ಲಾ ಊರಿನ ಪ್ರೈವೇಟ್ ಆಸ್ಪತ್ರೆಯ ಸ್ಟಾಫ್ ನರ್ಸ್ ಒಬ್ಬರ ಕೇಸು. ನಾನು ಅದೇ ಆಸ್ಪತ್ರೆಯಲ್ಲಿ ಇನ್ಫೆಕ್ಷನ್ ಕಂಟ್ರೋಲ್ ನರ್ಸ್. ಅವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಗುರುತು ಸಿಗೋ ಅಂಥ ವಿವರ ಬದಲಾಯಿಸಿದ್ದೀನಿ, ಇಲ್ಲಿ ಅವರನ್ನ ಬರೀ ಸಿಸ್ಟರ್ ಅಂತ ಕರೀತೀನಿ. ಬರೀಲೇಬೇಕು ಅನ್ಸಿದ್ದು ಯಾಕಂದ್ರೆ, ವರ್ಷಗಟ್ಟಲೆ ಎಳೆಯೋ ಕರುಳಿನ ಕಾಯಿಲೆ ಇಟ್ಕೊಂಡು ವಾರ್ಡಲ್ಲಿ ದುಡಿಯೋ ನರ್ಸ್‌ಗಳು, ಲ್ಯಾಬ್‌ನೋರು, ಹೌಸ್‌ಕೀಪಿಂಗ್‌ನೋರು ಇದನ್ನ ಯಾರ ಹತ್ರಾನೂ ಹೇಳ್ಕೊಳ್ಳಲ್ಲ, ಒಳಗೊಳಗೇ ಹೆದರ್ಕೊಂಡು ತಾವೇ ಒಂದು ತೀರ್ಮಾನಕ್ಕೆ ಬಂದ್ಬಿಡ್ತಾರೆ, ಆ ತೀರ್ಮಾನ ಎಷ್ಟೋ ಸಲ "ಸ್ವಲ್ಪ ದಿನ ಮಾತ್ರೆ ಬಿಡೋಣ" ಅನ್ನೋದೇ ಆಗಿರುತ್ತೆ. ಈ ಸಿಸ್ಟರ್‌ಗೆ ಆಗಿದ್ದೂ ಅದೇ. ಇಡೀ ಕೇಸು ನೋಡಿದ ಮೇಲೆ ನನಗನ್ಸೋದು, ಅವರನ್ನ ಅಪಾಯಕ್ಕೆ ತಳ್ಳಿದ್ದು ಮಾತ್ರೆ ಅಲ್ಲ, ಮಾತ್ರೆ ಬಿಟ್ಟಿದ್ದು.

ವಯಸ್ಸು 32, ಜಿಎನ್‌ಎಂ ಓದಿದವರು, ಮದುವೆ ಆಗಿದೆ, ಮಕ್ಕಳಿಲ್ಲ. ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್, ಅಂದ್ರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ ಆಗಿ ಹುಣ್ಣಾಗೋದು, ಯಾವುದೋ ಒಂದು ಕ್ರಿಮಿಯಿಂದ ಬಂದು ಹೋಗೋ ಕಾಯಿಲೆ ಅಲ್ಲ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೇ ಜಗಳಕ್ಕೆ ಬಿದ್ದಿರೋದು. ಮೊದಲು ರಕ್ತ ಬಿದ್ದಾಗ ಪೈಲ್ಸ್ ಅಂದ್ರು, ಆಮೇಲೆ ಆಮಶಂಕೆ ಅಂತ ಮೆಟ್ರೋನಿಡಜೋಲ್ ಕೋರ್ಸ್ ಮೇಲೆ ಕೋರ್ಸ್ ನಡೀತು, ಕೊನೆಗೆ ಕೊಲೊನೋಸ್ಕೋಪಿ ಮಾಡಿ ಬಯಾಪ್ಸಿ ತೆಗೆದಾಗ ಇಡೀ ದೊಡ್ಡ ಕರುಳೇ ಕೆಂಪಾಗಿದ್ದು ಗೊತ್ತಾಯ್ತು. ನಮ್ಮ ಕಡೆ ಈ ಕಾಯಿಲೆ ಇರೋರಲ್ಲಿ ಎಷ್ಟೋ ಜನರ ಕಥೆ ಹೀಗೇ ಶುರುವಾಗುತ್ತೆ. ಮೆಸಲಮೈನ್ ಮಾತ್ರೆ ಕೊಟ್ರು, ಅದೊಂದರಲ್ಲೇ ತಡೀಲಿಲ್ಲ, ಒಂದೇ ವರ್ಷದಲ್ಲಿ ಎರಡು ಸಲ ಸ್ಟೆರಾಯ್ಡ್ ಬೇಕಾಯ್ತು, ಹಾಗಾಗಿ ರೋಗ ನಿರೋಧಕ ಶಕ್ತಿ ತಗ್ಗಿಸಿ ಉರಿಯೂತ ಹಿಡಿತದಲ್ಲಿಡೋ ಅಜಥಿಯೋಪ್ರಿನ್ ಸೇರಿಸಿದ್ರು, ದಿನಕ್ಕೆ 100 ಮಿಲಿಗ್ರಾಂ. ಅದರಲ್ಲಿ ಎರಡು ವರ್ಷ ಚೆನ್ನಾಗೇ ಇದ್ರು.

ಆಸ್ಪತ್ರೆಯಲ್ಲಿ ಮಾತ್ರ ಯಾರಿಗೂ ಹೇಳಿರ್ಲಿಲ್ಲ. ಟಾಯ್ಲೆಟ್‌ಗೆ ಪದೇ ಪದೇ ಹೋಗ್ತಾರೆ ಅನ್ನೋದು ಇನ್‌ಚಾರ್ಜ್‌ಗೆ ಗೊತ್ತಿತ್ತು, ಯಾಕೆ ಅಂತ ಗೊತ್ತಿರ್ಲಿಲ್ಲ. ಕಾಂಟ್ರ್ಯಾಕ್ಟ್ ವರ್ಷಾವರ್ಷ ರಿನ್ಯೂ ಆಗೋ ಕೆಲಸ, "ಕಾಯಿಲೆಯೋಳು" ಅಂತ ಹೆಸರು ಬಿದ್ರೆ ಮುಂದೆ ಏನೋ ಅನ್ನೋ ಭಯ. ಆ ಭಯ ಸುಳ್ಳು ಅಂತ ನಾನು ಹೇಳಲ್ಲ.

ಭಯದ ಇನ್ನೊಂದು ಮುಖ ಕೋವಿಡ್ ಟೈಮಲ್ಲಿ ಹುಟ್ಟಿದ್ದು. 2020ರಲ್ಲಿ "ಇಮ್ಯುನಿಟಿ ಕಮ್ಮಿ ಮಾಡೋ ಮಾತ್ರೆ ತಗೊಳೋರು ತಕ್ಷಣ ನಿಲ್ಲಿಸಿ" ಅನ್ನೋ ಫಾರ್ವರ್ಡ್‌ಗಳು ವಾಟ್ಸಾಪಲ್ಲಿ ಓಡಾಡಿದ್ವು. ಆದ್ರೆ ಅದೇ ವರ್ಷ ಸೆಕ್ಯೂರ್-ಐಬಿಡಿ ಅನ್ನೋ ಅಂತರರಾಷ್ಟ್ರೀಯ ರಿಜಿಸ್ಟ್ರಿಯವರು 33 ದೇಶಗಳ 525 ಕರುಳು ಕಾಯಿಲೆಯವರ ಲೆಕ್ಕ ಹಾಕಿ ತೋರಿಸಿದ್ದು ಬೇರೇನೇ. ಕೋವಿಡ್ ಜೋರಾಗಿದ್ದು ವಯಸ್ಸಾದವರಲ್ಲಿ, ಬೇರೆ ಕಾಯಿಲೆಗಳೂ ಇದ್ದವರಲ್ಲಿ, ಮತ್ತೆ ಸ್ಟೆರಾಯ್ಡ್ ಮೇಲಿದ್ದವರಲ್ಲಿ. ಇನ್‌ಫ್ಲಿಕ್ಸಿಮ್ಯಾಬ್ ಥರದ, ಉರಿಯೂತ ಎಬ್ಬಿಸೋ ಟಿಎನ್‌ಎಫ್ ಅನ್ನೋ ವಸ್ತುವನ್ನ ತಡೆಯೋ ಔಷಧಿಗೂ ಜೋರು ಕೋವಿಡ್‌ಗೂ ಅವರಿಗೆ ಸಂಬಂಧ ಕಾಣ್ಲಿಲ್ಲ. ಈ ಮಾತು ನಮ್ಮ ವಾರ್ಡಿನ ತನಕ ಬರ್ಲೇ ಇಲ್ಲ, ಫಾರ್ವರ್ಡ್ ಮಾತ್ರ ಬಂತು. 2021ರ ಜನವರಿ 16ಕ್ಕೆ ಹೆಲ್ತ್ ವರ್ಕರ್‌ಗಳಿಗೆ ಲಸಿಕೆ ಶುರುವಾದಾಗ ಸಿಸ್ಟರ್ ತಗೊಂಡ್ರು, ಸರಿ, ಆದ್ರೆ ಮಾತ್ರೆ ಬಗ್ಗೆ ಮನಸ್ಸಲ್ಲಿ ಕೂತ ಸಂಶಯ ಹೋಗ್ಲಿಲ್ಲ. ಆಮೇಲಿನ ವರ್ಷಗಳಲ್ಲಿ ವಾರ್ಡಿಗೆ ಯಾರಾದ್ರೂ "ಕೆಟ್ಟ ಕೇಸು" ಬಂದ್ರೆ ನಾಲ್ಕು ದಿನ ಅಜಥಿಯೋಪ್ರಿನ್ ಬಿಡೋದು, ಇಲ್ಲ ಅರ್ಧ ಮಾತ್ರೆ ತಗೊಳೋದು, ಕೇಸು ಡಿಸ್ಚಾರ್ಜ್ ಆದ್ಮೇಲೆ ಮತ್ತೆ ಶುರು ಮಾಡೋದು, ಇದು ಅಭ್ಯಾಸ ಆಗ್ಬಿಟ್ಟಿತ್ತು.

ಇದರಲ್ಲಿ ಲಾಭ ಏನೂ ಇಲ್ಲ. ಅಜಥಿಯೋಪ್ರಿನ್ ಅನ್ನೋದು ಇವತ್ತು ನುಂಗಿದ್ರೆ ನಾಳೆ ಕೆಲಸ ಮಾಡೋ ಮಾತ್ರೆ ಅಲ್ಲ, ಪೂರ್ತಿ ಹಿಡಿತಕ್ಕೆ ಬರೋಕೆ ಎರಡು ಮೂರು ತಿಂಗಳು ಬೇಕು, ಹಾಗೇ ಬಿಟ್ಟ ನಾಲ್ಕನೇ ದಿನಕ್ಕೆ ರೋಗ ನಿರೋಧಕ ಶಕ್ತಿ ಎದ್ದು ನಿಲ್ಲಲ್ಲ. ಅಂದ್ರೆ ಆ ನಾಲ್ಕು ದಿನ ಸೋಂಕಿನಿಂದ ರಕ್ಷಣೆ ಸಿಗ್ಲಿಲ್ಲ, ಆದ್ರೆ ತಿಂಗಳುಗಟ್ಟಲೆ ಹೀಗೇ ಬಿಟ್ಟು ಬಿಟ್ಟು ತಗೊಂಡಿದ್ದಕ್ಕೆ ಕರುಳು ಮಾತ್ರ ಕೈ ತಪ್ಪಿತು.

ಯಾವ ವಾರ್ಡು ಅಪಾಯ

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ನನ್ನ ಕೆಲಸದ ಭಾಗ ಇದೇ. ಸಿಸ್ಟರ್ ಹೆದರ್ತಿದ್ದಿದ್ದು ಮಳೆಗಾಲದ ಫೀವರ್ ವಾರ್ಡಿಗೆ. ಡೆಂಗ್ಯೂ ಬೆಡ್‌ಗಳು ತುಂಬಿರ್ತಾವೆ, ನಮ್ಮ ಕಡೆ ಮಂಗನ ಕಾಯಿಲೆ ಅನ್ನೋ ಹೆಸರು ಕೇಳಿದ್ರೇನೇ ಜನ ಹಿಂದೆ ಸರೀತಾರೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದ ಕಾಯಿಲೆ, ಅದರ ಭಯ ಅಜ್ಜಿ ಕಾಲದಿಂದ ಬಂದಿದ್ದು. ಹಾಗಾಗಿ ಫೀವರ್ ವಾರ್ಡ್ ಡ್ಯೂಟಿ ಬಿದ್ದಾಗ ಮಾತ್ರೆ ಬಿಡ್ತಿದ್ರು, ಇನ್‌ಚಾರ್ಜ್ ಹತ್ರ ಹೇಗೋ ಬೇಡ್ಕೊಂಡು ಫೀಮೇಲ್ ಮೆಡಿಕಲ್ ವಾರ್ಡಿಗೆ ಹಾಕಿಸ್ಕೊಳ್ತಿದ್ರು, ಅಲ್ಲಿ ವಯಸ್ಸಾದವರು, ಶುಗರ್, ಬಿಪಿ, ಉಬ್ಬಸ, ಆರಾಮ ಅಂತ.

ಅವರ ಮಟ್ಟಿಗೆ ಇದು ಉಲ್ಟಾ. ಡೆಂಗ್ಯೂ ಹರಡೋದು ಸೊಳ್ಳೆಯಿಂದ, ಮಂಗನ ಕಾಯಿಲೆ ಉಣ್ಣೆಯಿಂದ. ಕಿಟಕಿಗೆ ಮೆಶ್ ಇದ್ದು, ಸೂಜಿ ಹುಷಾರಾಗಿ ಹಿಡಿದ್ರೆ ಆ ಬೆಡ್ಡಿನ ರೋಗಿಯಿಂದ ನರ್ಸ್‌ಗೆ ಬರೋದು ಏನೂ ಇಲ್ಲ ಅನ್ನೋ ಅಷ್ಟು. ಆದ್ರೆ ಮೆಡಿಕಲ್ ವಾರ್ಡಿನ ಮೂಲೆ ಬೆಡ್ಡಲ್ಲಿ ಮೂರು ವಾರದಿಂದ ಕೆಮ್ತಿರೋ ಅಜ್ಜಿ, ಕಫದ ರಿಪೋರ್ಟ್ ಇನ್ನೂ ಬಂದಿಲ್ಲ, ಕಿಟಕಿ ಚಳಿಗೆ ಮುಚ್ಚಿದೆ, ನೆಬ್ಯುಲೈಸೇಶನ್ ಕೊಡೋಕೆ ಸಿಸ್ಟರ್ ಮುಖದ ಹತ್ರ ಬಗ್ಗಬೇಕು, ಹಾಕಿರೋದು ಸರ್ಜಿಕಲ್ ಮಾಸ್ಕ್. ಅಪಾಯ ಇರೋದು ಅಲ್ಲಿ. ಟಿಬಿ ಅಂತ ಗೊತ್ತಾದ ರೋಗಿ ಹತ್ರ ಎಲ್ಲರೂ ಎನ್-95 ಹಾಕ್ಕೊಳ್ತಾರೆ, ಔಷಧಿಯೂ ಶುರುವಾಗಿರುತ್ತೆ. ಗೊತ್ತಾಗದೆ ಮಲಗಿರೋ ರೋಗಿಯೇ ಆರೋಗ್ಯ ಸಿಬ್ಬಂದಿಗೆ ಸೋಂಕು ಹಚ್ಚೋದು. ಪ್ರಪಂಚದ ಟಿಬಿ ಕೇಸುಗಳಲ್ಲಿ ಕಾಲು ಭಾಗ ನಮ್ಮ ದೇಶದ್ದೇ. 2005ರಲ್ಲಿ ಪ್ರಕಟ ಆದ ಸೇವಾಗ್ರಾಮದ ವೈದ್ಯಕೀಯ ಕಾಲೇಜಿನ ಅಧ್ಯಯನದಲ್ಲಿ ಅಲ್ಲಿನ ಸಿಬ್ಬಂದಿಯಲ್ಲಿ ಹತ್ತಿರ ಹತ್ತಿರ ನೂರಕ್ಕೆ 40 ಜನರ ದೇಹದಲ್ಲಿ ಟಿಬಿ ಸೋಂಕಿನ ಗುರುತು ಸಿಕ್ಕಿತ್ತು, ಕಾಯಿಲೆ ಅಲ್ಲ, ಒಳಗೆ ಸುಮ್ಮನೆ ಕೂತಿರೋ ಸೋಂಕು. ನಮ್ಮ ವಾರ್ಡಲ್ಲಿ ಆ ಅಜ್ಜಿಯ ಕಫ ಪಾಸಿಟಿವ್ ಬಂತು. ಅವರು ಅಡ್ಮಿಟ್ ಆಗಿದ್ದ ಅಷ್ಟೂ ದಿನ ಸಿಸ್ಟರ್ ಅಲ್ಲೇ ಡ್ಯೂಟಿ ಮಾಡಿದ್ರು.

ಕಾಯಿಲೆ ಕೆರಳಿದ್ದು

ಅದಾಗಿ ಮೂರು ತಿಂಗಳಿಗೆ ಸಿಸ್ಟರ್‌ಗೆ ಭೇದಿ ಶುರುವಾಯ್ತು. ನಡುವೆ ಹಲ್ಲು ನೋವಿಗೆ ಅಂತ ಮೆಡಿಕಲ್ ಶಾಪಿಂದ ಆಂಟಿಬಯೋಟಿಕ್ ತಗೊಂಡಿದ್ರು. ಮೊದಲು ದಿನಕ್ಕೆ ನಾಲ್ಕು ಸಲ, ಆಮೇಲೆ ಎಂಟು ಹತ್ತು, ಎಲ್ಲದರಲ್ಲೂ ರಕ್ತ. ಆಗಲೂ ಡ್ಯೂಟಿಗೆ ಬರ್ತಿದ್ರು. ಒಂದು ನೈಟ್ ಡ್ಯೂಟಿಯಲ್ಲಿ ಡ್ರಗ್ ಟ್ರಾಲಿ ಹಿಡ್ಕೊಂಡೇ ಕುಸಿದು ಕೂತಾಗ ವಿಷಯ ಹೊರಗೆ ಬಂತು. ನನ್ನ ಕೈ ಹಿಡ್ಕೊಂಡು ಮೊದಲು ಅಂದಿದ್ದು "ಅಕ್ಕಾ, ಎನ್ಎಸ್ ಮೇಡಂಗೆ ಹೇಳ್ಬೇಡಿ" ಅಂತ, ಅಂದ್ರೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ.

ಅಡ್ಮಿಟ್ ಆದಾಗ ನಾಡಿ 112, ಹಿಮೋಗ್ಲೋಬಿನ್ 8.9, ಸ್ವಲ್ಪ ಜ್ವರ, ಉರಿಯೂತ ತೋರಿಸೋ ಸಿಆರ್‌ಪಿ ಏರಿತ್ತು. ದಿನಕ್ಕೆ ಆರು ಸಲ ಇಲ್ಲ ಅದಕ್ಕಿಂತ ಜಾಸ್ತಿ ರಕ್ತಭೇದಿ, ಜೊತೆಗೆ ನಾಡಿ 90 ದಾಟಿದ್ರೆ ಇಲ್ಲ ಹಿಮೋಗ್ಲೋಬಿನ್ 10.5ಕ್ಕಿಂತ ಕೆಳಗಿದ್ರೆ ಅದನ್ನ ಗಂಭೀರ ಕೊಲೈಟಿಸ್ ಅಂತ ಲೆಕ್ಕ ಹಾಕ್ತಾರೆ, ಇವರದ್ದು ಆ ಗೆರೆ ದಾಟಿತ್ತು. ಗ್ಯಾಸ್ಟ್ರೋ ಡಾಕ್ಟರ್ ಎರಡು ಕೆಲಸ ತುಂಬಾ ಸರಿಯಾಗಿ ಮಾಡಿದ್ರು. ಒಂದು, ಇದು ಬರೀ ಕೊಲೈಟಿಸ್ ಕೆರಳಿದ್ದು ಅಂತ ಅನ್ಕೊಳ್ದೆ ಮಲವನ್ನ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ (ಸಿ. ಡಿಫಿಸಿಲ್) ಅನ್ನೋ ಭೇದಿ ತರೋ ಕ್ರಿಮಿಯ ಟೆಸ್ಟಿಗೆ ಕಳಿಸಿದ್ರು. ಎರಡು, ಸ್ಟೆರಾಯ್ಡ್ ಇಂಜೆಕ್ಷನ್ ಹಾಕೋ ಮುಂಚೆನೇ ಟಿಬಿ ಸೋಂಕು ಪತ್ತೆ ಮಾಡೋ ಐಗ್ರಾ ಟೆಸ್ಟಿಗೆ ರಕ್ತ ತೆಗೆಸಿದ್ರು. ಸ್ಟೆರಾಯ್ಡ್ ಶುರುವಾದ ಮೇಲೆ ಐಗ್ರಾ ಆಗ್ಲಿ, ಕೈಗೆ ಚುಚ್ಚಿ ನೋಡೋ ಮಾಂಟೂ ಆಗ್ಲಿ, ಸೋಂಕು ಇದ್ರೂ ಇಲ್ಲ ಅಂತ ತೋರಿಸೋ ಸಾಧ್ಯತೆ ಜಾಸ್ತಿ, ಹಾಗಾಗಿ ಆ ಕೆಲವು ನಿಮಿಷದ ಮುಂದಾಲೋಚನೆ ಮುಂದೆ ಎಷ್ಟು ಉಪಯೋಗಕ್ಕೆ ಬಂತು ಅಂದ್ರೆ, ಈ ಕೇಸಲ್ಲಿ ನನಗೆ ತುಂಬಾ ಇಷ್ಟ ಆದ ಕೆಲಸ ಅದು.

ಸಿ. ಡಿಫಿಸಿಲ್ ಪಾಸಿಟಿವ್ ಬಂತು, ಟಾಕ್ಸಿನ್ ಸಮೇತ. ಸಣ್ಣ ಸ್ಕೋಪ್ ಹಾಕಿ ತೆಗೆದ ಬಯಾಪ್ಸಿಯಲ್ಲಿ, ಕೊಲೈಟಿಸನ್ನ ಇನ್ನೂ ಕೆಡಿಸೋ ಸಿಎಂವಿ ವೈರಸ್ ಇರ್ಲಿಲ್ಲ, ಅದೊಂದು ಸಮಾಧಾನ.

ಈ ಕ್ರಿಮಿ ವಾರ್ಡಿಂದ ಬಂತಾ, ಹಲ್ಲಿಗೆ ನುಂಗಿದ ಆಂಟಿಬಯೋಟಿಕ್ಕಿಂದ ಎದ್ದಿತಾ ಅಂತ ಬೆರಳು ತೋರಿಸೋಕಾಗಲ್ಲ. ಕೊಲೈಟಿಸ್ ಇರೋರಿಗೆ ಆಂಟಿಬಯೋಟಿಕ್ ಇಲ್ಲದೆಯೂ ಇದು ಬರುತ್ತೆ, ಬೇರೆಯವರಿಗಿಂತ ಸುಲಭವಾಗಿ ಬರುತ್ತೆ. ಆದ್ರೆ ವಾರ್ಡಲ್ಲಿ ಕಲಿಯೋಕೆ ಒಂದು ವಿಷಯ ಇದೆ. ಕೋವಿಡ್ ಆದ್ಮೇಲೆ ನಮ್ಮೆಲ್ಲರ ಕೈ ತಾನಾಗೇ ಹ್ಯಾಂಡ್ ರಬ್ ಬಾಟ್ಲಿ ಕಡೆ ಹೋಗುತ್ತೆ, ಬೆಡ್‌ಪ್ಯಾನ್ ಎತ್ತಿದ ಮೇಲೂ ಅದೇ. ಸಿ. ಡಿಫಿಸಿಲ್ ಹೊರಗೆ ಬಂದ್ಮೇಲೆ ಸ್ಪೋರ್ ಆಗಿ, ಅಂದ್ರೆ ಗಟ್ಟಿ ಕವಚದ ಬೀಜದ ಹಾಗೆ ಕೂರುತ್ತೆ, ಆಲ್ಕೋಹಾಲ್‌ಗೆ ಆ ಸ್ಪೋರ್ ಸಾಯಲ್ಲ. ಗ್ಲೌಸ್ ಹಾಕ್ಕೊಳ್ಬೇಕು, ತೆಗೆದ ಮೇಲೆ ಸೋಪು ಹಚ್ಚಿ ಹರಿಯೋ ನೀರಲ್ಲಿ ಉಜ್ಜಿ ತೊಳೀಬೇಕು, ಬೆಡ್ ರೈಲು, ಕಮೋಡು, ನಲ್ಲಿ ಹಿಡಿ ಇವನ್ನೆಲ್ಲ ಹೈಪೋಕ್ಲೋರೈಟ್ ಹಾಕಿ ಒರೆಸ್ಬೇಕು, ಬರೀ ಫಿನಾಯಿಲ್ ಸಾಕಾಗಲ್ಲ. ಎಲ್ಲಾ ಸಿಬ್ಬಂದಿಗೂ ಬೇಕಾದ ಮಾತೇ ಇದು, ಕರುಳು ಮೊದಲೇ ಹುಣ್ಣಾಗಿರೋರಿಗೆ ಪ್ರಾಣಕ್ಕೆ ಬೇಕಾದ ಮಾತು.

ಔಷಧಿ ವ್ಯಾಂಕೋಮೈಸಿನ್, ಬಾಯಿ ಮೂಲಕ, 125 ಮಿಲಿಗ್ರಾಂ ದಿನಕ್ಕೆ ನಾಲ್ಕು ಸಲ, ಹತ್ತು ದಿನ. ಕ್ಯಾಪ್ಸೂಲ್ ಊರಲ್ಲಿ ಸಿಗ್ಲಿಲ್ಲ, ಇಂಜೆಕ್ಷನ್ ವಯಲ್‌ನೇ ನೀರಲ್ಲಿ ಕರಗಿಸಿ ಅಳತೆ ಮಾಡಿ ಕುಡಿಸಿದ್ವಿ. ಡ್ಯೂಟಿಯಲ್ಲಿದ್ದ ಹೊಸ ಹುಡುಗಿ ಅದನ್ನ ಐವಿ ಲೈನಿಗೆ ಹಾಕೋಕೆ ಹೊರಟಿದ್ಲು, ಪಕ್ಕದವರು ತಡೆದ್ರು. ನರಕ್ಕೆ ಹಾಕಿದ ವ್ಯಾಂಕೋಮೈಸಿನ್ ಕರುಳಿನ ಒಳಗೆ ತಲುಪಲ್ಲ, ಈ ಕಾಯಿಲೆಗೆ ಕುಡಿದ್ರೇನೇ ಕೆಲಸ. ಜೊತೆಗೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಆರು ಗಂಟೆಗೊಮ್ಮೆ ನಡೀತು. ಮೂರನೇ ದಿನಕ್ಕೆ ಭೇದಿ ಇಳೀತು, ಆಪರೇಷನ್ ಮಾತು ದೂರ ಹೋಯ್ತು, ಆಮೇಲೆ ಪ್ರೆಡ್ನಿಸೋಲೋನ್ 40 ಮಿಲಿಗ್ರಾಂ ಮಾತ್ರೆಗೆ ಬದಲಾಯಿಸಿ ವಾರಕ್ಕೆ 5 ಇಳಿಸ್ತಾ ಬರೋದು ಅಂತ ಆಯ್ತು.

ಇಲ್ಲೊಂದು ನಿಮಿಷ ನಿಂತು ನೋಡಿ. ಅಜಥಿಯೋಪ್ರಿನ್ ಬಿಟ್ಟಿದ್ದು ಸೋಂಕಿನ ಭಯಕ್ಕೆ. ಬಿಟ್ಟಿದ್ದಕ್ಕೆ ಕರುಳು ಕೆರಳೋಕೆ ದಾರಿ ಆಯ್ತು. ಕೆರಳಿದ್ದಕ್ಕೆ ದೊಡ್ಡ ಡೋಸ್ ಸ್ಟೆರಾಯ್ಡ್ ಬೇಕಾಯ್ತು. ಕರುಳಿನ ಕಾಯಿಲೆಗೆ ಕೊಡೋ ಔಷಧಿಗಳಲ್ಲಿ ಸೋಂಕಿಗೆ ಬಾಗಿಲು ತೆಗೆಯೋದ್ರಲ್ಲಿ ಸ್ಟೆರಾಯ್ಡ್‌ನಷ್ಟು ಕೆಟ್ಟದ್ದು ಕಮ್ಮಿ. ಯಾವುದಕ್ಕೆ ಹೆದರಿದ್ರೋ ಅದರ ಬಾಯಿಗೇ ಹೋಗಿ ಬಿದ್ದ ಹಾಗಾಯ್ತು. ಅವರ ಮೇಲೆ ತಪ್ಪು ಹೊರಿಸೋಕೆ ಹೇಳ್ತಿಲ್ಲ, ನಾಲ್ಕು ವರ್ಷದಲ್ಲಿ ಅವರ ಫೈಲಲ್ಲಿ ಉದ್ಯೋಗ ಅನ್ನೋ ಜಾಗದಲ್ಲಿ "ನರ್ಸ್" ಅಂತ ಒಂದೇ ಪದ ಇತ್ತು, ಯಾವ ವಾರ್ಡು, ಏನು ಕೆಲಸ, ಭಯ ಏನಾದ್ರೂ ಇದ್ಯಾ ಅಂತ ಒಬ್ಬರೂ ಕೇಳಿರ್ಲಿಲ್ಲ.

ಟಿಬಿ ಪ್ರಶ್ನೆ

ಐಗ್ರಾ ಪಾಸಿಟಿವ್. ಎದೆ ಎಕ್ಸ್-ರೇ ನಾರ್ಮಲ್, ಸಿಟಿ ಕೂಡ ಮಾಡಿಸಿದ್ರು, ಏನೂ ಸಿಗ್ಲಿಲ್ಲ. ಕೆಮ್ಮಿಲ್ಲ, ರಾತ್ರಿ ಬೆವರಿಲ್ಲ. ಅಂದ್ರೆ ಕಾಯಿಲೆ ಇಲ್ಲ, ಸೋಂಕು ಮಾತ್ರ ಇದೆ, ಬೂದಿ ಮುಚ್ಚಿದ ಕೆಂಡ. ಇದು ಆ ಅಜ್ಜಿಯಿಂದ ಬಂದಿದ್ದಾ, ನರ್ಸಿಂಗ್ ಓದುವಾಗಿನದ್ದಾ, ಚಿಕ್ಕಂದಿನದ್ದಾ ಅಂತ ಐಗ್ರಾ ಹೇಳಲ್ಲ.

ಸಾಮಾನ್ಯ ಆರೋಗ್ಯ ಇರೋರಲ್ಲಿ ಹೀಗೆ ಒಳಗೆ ಕೂತ ಟಿಬಿ ಜೀವಮಾನದಲ್ಲಿ ಕಾಯಿಲೆ ಆಗಿ ಎದ್ದೇಳೋದು ನೂರಕ್ಕೆ 5ರಿಂದ 10 ಜನರಲ್ಲಿ. ದೇಹ ಕ್ರಿಮಿಯ ಸುತ್ತ ಜೀವಕೋಶಗಳ ಗಂಟು ಕಟ್ಟಿ ಅದನ್ನ ಒಳಗೇ ಹಿಡಿದಿಡುತ್ತೆ, ಆ ಗಂಟು ಬಿಗಿಯಾಗಿರೋಕೆ ಟಿಎನ್‌ಎಫ್ ಅನ್ನೋ ವಸ್ತು ಬೇಕು. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಇವು ಕರುಳಿನ ಉರಿಯೂತ ತಣಿಸೋಕೆ ತಡೆಯೋದು ಇದೇ ಟಿಎನ್‌ಎಫ್ ಅನ್ನ, ಗಂಟು ಸಡಿಲ ಆದ್ರೆ ಟಿಬಿ ಹೊರಗೆ. 2001ರಲ್ಲಿ ಅಮೆರಿಕದಿಂದ ಬಂದ ವರದಿಯಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ತಗೊಂಡ ಮೇಲೆ ಟಿಬಿ ಬಂದ 70 ಜನರ ಲೆಕ್ಕ ಇತ್ತು, ಹೆಚ್ಚಿನವರಿಗೆ ಶುರುವಾದ ಮೊದಲ ಕೆಲವೇ ತಿಂಗಳಲ್ಲಿ ಬಂದಿತ್ತು, ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಶ್ವಾಸಕೋಶದ ಹೊರಗೂ ಹರಡಿತ್ತು. ಹಾಗಾಗಿ ಈ ಔಷಧಿ ಮೇಲಿರೋರು ಕೆಮ್ಮು ಬರ್ಲಿ ಅಂತ ಕಾಯ್ಬಾರ್ದು. ಕಾರಣ ಇಲ್ಲದೆ ಜ್ವರ ಬಂದ್ರೂ ತೂಕ ಇಳಿದ್ರೂ ಕತ್ತಲ್ಲಿ ಗಡ್ಡೆ ಕಂಡ್ರೂ ಆ ವಾರವೇ ತೋರಿಸ್ಬೇಕು.

ಸಿಸ್ಟರ್‌ಗೆ ಟಿಬಿ ತಡೆ ಚಿಕಿತ್ಸೆ ಶುರು ಮಾಡಿದ್ರು. 2021ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇಮ್ಯುನಿಟಿ ತಗ್ಗಿಸೋ ಔಷಧಿ ಮೇಲಿರೋರಿಗೆ, ಟಿಎನ್‌ಎಫ್ ತಡೆ ಔಷಧಿ ಶುರು ಮಾಡೋರಿಗೆ ಇದನ್ನ ಕೊಡ್ಬೇಕು ಅಂತಾನೇ ಇದೆ, ಜಿಲ್ಲಾ ಟಿಬಿ ಕೇಂದ್ರದಿಂದ ಮಾತ್ರೆ ಉಚಿತ. ಎರಡು ದಾರಿ ಇತ್ತು. ವಾರಕ್ಕೊಂದು ಸಲದ ಹಾಗೆ 12 ವಾರ ಐಸೋನಿಯಾಜಿಡ್-ರಿಫಾಪೆಂಟಿನ್, ಚಿಕ್ಕದು, ಸುಲಭ. ಇನ್ನೊಂದು ಆರು ತಿಂಗಳು ದಿನಾ ಐಸೋನಿಯಾಜಿಡ್. ಸುಲಭದ್ದು ಬಿಟ್ಟು ಉದ್ದದ್ದನ್ನ ಯಾಕೆ ಆರಿಸಿದ್ರು ಅಂದ್ರೆ, ರಿಫಾಪೆಂಟಿನ್ ಲಿವರ್ ಕೆಲಸ ಜೋರು ಮಾಡಿ ಪ್ರೆಡ್ನಿಸೋಲೋನನ್ನ ಬೇಗ ಕರಗಿಸಿಬಿಡುತ್ತೆ, ಸ್ಟೆರಾಯ್ಡ್ ಇಳಿಸ್ತಿರೋ ಹೊತ್ತಲ್ಲಿ ಇದ್ದ ಡೋಸೂ ಕೈಗೆ ಸಿಗದೆ ಹೋಗಿ ಕರುಳು ಮತ್ತೆ ಕೆರಳ್ಬೋದು. ಐಸೋನಿಯಾಜಿಡ್‌ಗೂ ಅಜಥಿಯೋಪ್ರಿನ್‌ಗೂ ಲಿವರ್ ಮೇಲೆ ಕಣ್ಣು, ಹಾಗಾಗಿ ತಿಂಗಳಿಗೊಮ್ಮೆ ಲಿವರ್ ಟೆಸ್ಟ್, ಜೊತೆಗೆ ಕೈಕಾಲು ಜೋಮು ಹಿಡೀದ ಹಾಗೆ ಪಿರಿಡಾಕ್ಸಿನ್. ಎರಡನೇ ತಿಂಗಳು ಲಿವರ್ ಟೆಸ್ಟಲ್ಲಿ ಎಸ್‌ಜಿಪಿಟಿ ಸ್ವಲ್ಪ ಏರಿ ತಾನಾಗೇ ಇಳೀತು.

ಸ್ಟೆರಾಯ್ಡ್ 15ಕ್ಕೆ ಇಳಿಸ್ತಿದ್ದ ಹಾಗೇ ಮತ್ತೆ ರಕ್ತ. ಏರಿಸಿದ್ರೆ ನಿಲ್ಲುತ್ತೆ, ಇಳಿಸಿದ್ರೆ ಬರುತ್ತೆ. ಅಲ್ಲಿಗೆ ಮುಂದಿನ ಔಷಧಿ ಬೇಕೇ ಬೇಕು ಅಂತಾಯ್ತು. ಮಣಿಪಾಲದ ಕಡೆ ಒಂದು ಸೆಕೆಂಡ್ ಒಪಿನಿಯನ್ ತಗೊಂಡ್ರು. ಆಗುಂಬೆ ಘಾಟಿ ಇಳಿಯೋ ಬಸ್ಸಲ್ಲಿ ದಿನಕ್ಕೆ ಏಳೆಂಟು ಸಲ ಟಾಯ್ಲೆಟ್ ಬೇಕಾಗೋರು ಹೋಗೋದು ಅಂದ್ರೆ ಏನು ಅಂತ ಅವರ ಯಜಮಾನ್ರನ್ನ ಕೇಳ್ಬೇಕು, ಹಿಂದಿನ ದಿನದಿಂದ ಊಟಾನೇ ಬಿಟ್ಟಿದ್ರಂತೆ. ಸೋಂಕಿನ ದೃಷ್ಟಿಯಿಂದ ನೋಡಿದ್ರೆ ವೆಡೋಲಿಜುಮ್ಯಾಬ್ ಒಳ್ಳೇದು, ಅದು ಹೆಚ್ಚು ಕಮ್ಮಿ ಕರುಳಲ್ಲಷ್ಟೇ ಕೆಲಸ ಮಾಡುತ್ತೆ, ಆದ್ರೆ ಪ್ರೈವೇಟ್ ಆಸ್ಪತ್ರೆ ನರ್ಸ್ ಸಂಬಳಕ್ಕೆ ಎಟುಕೋ ರೇಟಲ್ಲ. ಟೋಫಾಸಿಟಿನಿಬ್ ಮಾತ್ರೆ ಅಗ್ಗ, ಆದ್ರೆ ಸರ್ಪಸುತ್ತು ಬರೋದು ಜಾಸ್ತಿ, ಮಗು ಬೇಕು ಅಂತಿರೋ ಹೆಣ್ಣಿಗೆ ಅದು ಬೇಡ. ಉಳಿದಿದ್ದು ಇನ್‌ಫ್ಲಿಕ್ಸಿಮ್ಯಾಬ್, ಅದೂ ಬಯೋಸಿಮಿಲರ್, ಅಂದ್ರೆ ಮೂಲ ಔಷಧಿಯ ಹಾಗೇ ಬೇರೆ ಕಂಪನಿ ತಯಾರಿಸಿದ್ದು. ಅಷ್ಟೊತ್ತಿಗೆ ಐಸೋನಿಯಾಜಿಡ್ ಶುರುವಾಗಿ ಒಂದು ತಿಂಗಳ ಮೇಲಾಗಿತ್ತು, ಕಮ್ಮಿ ಅಂದ್ರೂ ಅಷ್ಟು ಅಂತರ ಬೇಕು. ಅವತ್ತು ಸ್ಟೆರಾಯ್ಡ್‌ಗಿಂತ ಮುಂಚೆ ರಕ್ತ ತೆಗೀದೆ ಇದ್ದಿದ್ರೆ, ಐಗ್ರಾ ನೆಗೆಟಿವ್ ಅಂತ ಬಂದು, ಕೆಂಡದ ಮೇಲೇ ಇನ್‌ಫ್ಲಿಕ್ಸಿಮ್ಯಾಬ್ ಹನಿಸೋ ಸಾಧ್ಯತೆ ಇತ್ತು.

ಲಸಿಕೆ ಲೆಕ್ಕ

ನರ್ಸಿಂಗ್ ಕಾಲೇಜಲ್ಲಿ ಹೆಪಟೈಟಿಸ್ ಬಿ ಮೂರು ಡೋಸ್ ಆಗಿತ್ತು, ಕಾರ್ಡಿತ್ತು, ಅದನ್ನ ನೋಡಿ ನಮ್ಮ ಎಚ್‌ಆರ್ ಟಿಕ್ ಹಾಕಿತ್ತು. ಟೈಟರ್, ಅಂದ್ರೆ ಲಸಿಕೆಯಿಂದ ರಕ್ತದಲ್ಲಿ ಎಷ್ಟು ರಕ್ಷಣೆ ಇದೆ ಅನ್ನೋ ಅಳತೆ, ಯಾರೂ ನೋಡಿರ್ಲಿಲ್ಲ. ನೋಡಿದಾಗ 4, ಬೇಕಾಗಿರೋದು 10ರ ಮೇಲೆ. ರಕ್ಷಣೆ ಇಲ್ಲದವರಿಗೆ ಹೆಪಟೈಟಿಸ್ ಬಿ ರೋಗಿಯ ಸೂಜಿ ಚುಚ್ಚಿದ್ರೆ ಸೋಂಕು ತಗಲೋ ಸಾಧ್ಯತೆ ನೂರಕ್ಕೆ 6ರಿಂದ 30, ಎಚ್‌ಐವಿಗೆ ಅದು 0.3. ಎಲ್ಲರೂ ಎಚ್‌ಐವಿಗೆ ಹೆದರ್ತಾರೆ. ಮತ್ತೆ ಮೂರು ಡೋಸ್ ಕೊಟ್ವಿ. ಇಂಥ ಔಷಧಿ ಮೇಲಿರೋರಲ್ಲಿ ಲಸಿಕೆ ಸರಿಯಾಗಿ ಹತ್ತೋದು ಕಮ್ಮಿ, ಹಾಗಾಗಿ ಕೊಟ್ಟು ಸುಮ್ಮನಾಗೋ ಹಾಗಿಲ್ಲ, ಮತ್ತೆ ಟೈಟರ್ ನೋಡಿದ್ವಿ, 61 ಬಂತು.

ಚಿಕನ್ ಪಾಕ್ಸ್ ಆಗಿತ್ತಾ ಅಂದ್ರೆ ನೆನಪಿಲ್ಲ ಅಂದ್ರು, ತಾಯಿಗೆ ಫೋನ್ ಹಾಕಿದಾಗ "ಎರಡನೇ ಕ್ಲಾಸಲ್ಲಿ ಅಮ್ಮ ಆಗಿತ್ತಲ್ಲೇ, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ವಿ" ಅಂದ್ರು, ಐಜಿಜಿ ಟೆಸ್ಟೂ ಅದನ್ನೇ ಹೇಳಿತು. ಆಗಿರ್ಲಿಲ್ಲ ಅಂದಿದ್ರೆ ಕಷ್ಟ ಇತ್ತು, ಯಾಕಂದ್ರೆ ಚಿಕನ್ ಪಾಕ್ಸ್ ಲಸಿಕೆ, ಎಂಎಂಆರ್ ಲಸಿಕೆ ಇವು ಜೀವಂತ ವೈರಸ್ ಇರೋವು, ಸ್ಟೆರಾಯ್ಡ್ ಇಲ್ಲ ಇನ್‌ಫ್ಲಿಕ್ಸಿಮ್ಯಾಬ್ ಶುರುವಾದ ಮೇಲೆ ಕೊಡೋ ಹಾಗಿಲ್ಲ, ಕೊಡೋದಾದ್ರೆ ಶುರು ಮಾಡೋಕೆ ನಾಲ್ಕು ವಾರ ಮುಂಚೆನೇ. ಕೊಲೈಟಿಸ್ ಅಂತ ಗೊತ್ತಾದ ವಾರವೇ, ಬರೀ ಮೆಸಲಮೈನ್ ಮೇಲಿದ್ದಾಗಲೇ ಈ ಲೆಕ್ಕ ಮುಗಿಸ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮೆಸಲಮೈನ್ ಇಮ್ಯುನಿಟಿ ತಗ್ಗಿಸಲ್ಲ, ಆಗ ಯಾವ ಲಸಿಕೆಗೂ ಅಡ್ಡಿ ಇಲ್ಲ. ಫ್ಲೂ ಇಂಜೆಕ್ಷನ್ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ನ್ಯುಮೋಕಾಕಲ್ ಕೂಡ, ಇವು ಜೀವಂತ ಅಲ್ಲ, ಯಾವಾಗ ಬೇಕಾದ್ರೂ ಕೊಡ್ಬೋದು.

ಕೆಲಸದ ಮಾತು

ಮೊದಲ ಮೀಟಿಂಗಲ್ಲಿ ಬಂದ ಸಲಹೆ "ಆರು ತಿಂಗಳು ಮನೇಲಿರಿ, ಆಮೇಲೆ ನೋಡೋಣ". ಹೇಳಿದವರ ಮನಸ್ಸಲ್ಲಿ ಕಾಳಜಿ ಇತ್ತು, ಆದ್ರೆ ಸಂಬಳ ಇಲ್ಲದ ಆರು ತಿಂಗಳು ಅಂದ್ರೆ ಇನ್‌ಫ್ಲಿಕ್ಸಿಮ್ಯಾಬ್‌ಗೆ ದುಡ್ಡಿಲ್ಲ, ಔಷಧಿ ಇಲ್ಲ ಅಂದ್ರೆ ಮತ್ತೆ ಸ್ಟೆರಾಯ್ಡ್. ಇನ್ನೊಬ್ಬರು ಒಪಿಡಿಗೆ ಹಾಕಿ, ಹಗುರ ಅಂದ್ರು. ಒಪಿಡಿ ಅಂದ್ರೆ ಇನ್ನೂ ಯಾವ ಕಾಯಿಲೆ ಅಂತ ಗೊತ್ತಾಗದ ಕೆಮ್ಮು ಎಲ್ಲಾ ಮೊದಲು ಬರೋ ಜಾಗ. ಡಯಾಲಿಸಿಸ್ ಅಂದ್ರು, ಅಲ್ಲಿ ಹೆಪಟೈಟಿಸ್, ಅವರ ಟೈಟರ್ ಇನ್ನೂ ಏರಿರ್ಲಿಲ್ಲ.

ಕೊನೆಗೆ ಆರ್ಥೋ ವಾರ್ಡ್. ಮೊದಲೇ ಡೇಟ್ ಕೊಟ್ಟು ಮಾಡೋ ಮಂಡಿ, ಸೊಂಟದ ಆಪರೇಷನ್ ರೋಗಿಗಳು, ತಪಾಸಣೆ ಆಗಿ ಬಂದಿರ್ತಾರೆ, ಸ್ಟಾಫ್ ಟಾಯ್ಲೆಟ್ ನರ್ಸಿಂಗ್ ಸ್ಟೇಷನ್ ಪಕ್ಕಾನೇ. ಟಾಯ್ಲೆಟ್ ವಿಷಯ ಸಣ್ಣದು ಅನ್ಕೋಬೇಡಿ, ಗೌನು ಮಾಸ್ಕು ಎಲ್ಲಾ ಹಾಕ್ಕೊಂಡು ಗಂಟೆಗಟ್ಟಲೆ ಇರೋ ಡ್ಯೂಟಿ ಇವರಿಂದ ಆಗಲ್ಲ, ಅರ್ಜೆಂಟಲ್ಲಿ ಗೌನು ಕಿತ್ತು ಓಡಿದ್ರೆ ಸೋಂಕು ಅಂಟೋದೇ ಆಗ. ಬರವಣಿಗೆಯಲ್ಲಿ ಇಷ್ಟು ಮಾಡ್ಕೊಂಡ್ವಿ: ಕಫ ರಿಪೋರ್ಟ್ ಬಾಕಿ ಇರೋ ರೋಗಿ, ಚಿಕನ್ ಪಾಕ್ಸ್, ದಡಾರ, ಸಿ. ಡಿಫಿಸಿಲ್ ರೋಗಿ ಇವರ ಪಾಲಿಗೆ ಬರಲ್ಲ. ಸಕ್ಷನ್, ನೆಬ್ಯುಲೈಸೇಶನ್ ಅನಿವಾರ್ಯ ಆದ್ರೆ ಎನ್-95, ಅದೂ ಮುಖಕ್ಕೆ ಕೂರುತ್ತಾ ಅಂತ ಫಿಟ್ ನೋಡಿದ್ದು. ಜ್ವರ ಬಂದ ದಿನ ಡ್ಯೂಟಿ ಇಲ್ಲ, ಅವತ್ತೇ ರಕ್ತ ಪರೀಕ್ಷೆ, ಅಜಥಿಯೋಪ್ರಿನ್ ಬಿಳಿ ರಕ್ತಕಣ ಇಳಿಸಿರ್ಬೋದು ಅಂತ. ಮತ್ತೆ ಎಲ್ಲಕ್ಕಿಂತ ಮುಖ್ಯ, ಡಾಕ್ಟರನ್ನ ಕೇಳದೆ ಒಂದು ಮಾತ್ರೆಯನ್ನೂ ಬಿಡೋ ಹಾಗಿಲ್ಲ, ಭಯ ಆದ್ರೆ ನನಗೆ ಫೋನ್.

ಮೆಡಿಕಲ್ ವಾರ್ಡಿನ ಉಳಿದ ಸಿಸ್ಟರ್‌ಗಳು "ಅವಳಿಗೆ ಮಾತ್ರ ಯಾಕೆ" ಅಂದ್ರು. ಅವರ ಮಾತಲ್ಲೂ ನ್ಯಾಯ ಇದೆ, ಗೊತ್ತಾಗದ ಕೆಮ್ಮಿನ ಗಾಳಿ ಅವರೂ ಕುಡೀತಾರೆ. ಈ ಜಗಳದಿಂದಾನೇ ಕೆಮ್ಮು ಎರಡು ವಾರ ಮೀರಿದ ರೋಗಿಗೆ ಅಡ್ಮಿಷನ್ನಲ್ಲೇ ಮಾಸ್ಕು, ಕಿಟಕಿ ಪಕ್ಕದ ಬೆಡ್ಡು, ಅದೇ ದಿನ ಕಫ ಟೆಸ್ಟ್ ಅನ್ನೋ ನಿಯಮ ಬಂತು. ಕಿಟಕಿ ತೆರೆದಿಡೋ ವಿಷಯಕ್ಕೆ ಈಗಲೂ ಪ್ರತಿ ಚಳಿಗಾಲ ರೋಗಿಗಳ ಮನೆಯವರ ಜೊತೆ ಜಟಾಪಟಿ ನಡೆಯುತ್ತೆ.

ಈಗಿನ ಸ್ಥಿತಿ

ಐಸೋನಿಯಾಜಿಡ್ ಆರು ತಿಂಗಳು ಮುಗೀತು. ಇನ್‌ಫ್ಲಿಕ್ಸಿಮ್ಯಾಬ್ ಎಂಟು ವಾರಕ್ಕೊಮ್ಮೆ ನಡೀತಿದೆ, ಸ್ಟೆರಾಯ್ಡ್ ಪೂರ್ತಿ ನಿಂತಿದೆ, ಹಿಮೋಗ್ಲೋಬಿನ್ 12ರ ಹತ್ರ. ಒಂದು ಸಲ ಜೋರು ಫ್ಲೂ ಬಂತು, ಮೊದಲ ದಿನವೇ ಹೇಳಿದ್ರು, ಒಸೆಲ್ಟಾಮಿವಿರ್ ಕೊಟ್ಟು ಇನ್‌ಫ್ಯೂಷನ್ ಒಂದು ವಾರ ಮುಂದಕ್ಕೆ ಹಾಕಿದ್ರು. ಐಗ್ರಾ ಒಂದ್ಸಲ ಪಾಸಿಟಿವ್ ಬಂದ್ಮೇಲೆ ಮತ್ತೆ ಮಾಡಿ ಪ್ರಯೋಜನ ಇಲ್ಲ, ಹಾಗಾಗಿ ಲಕ್ಷಣ ಕೇಳೋದು, ವರ್ಷಕ್ಕೊಂದು ಎಕ್ಸ್-ರೇ. ಸೋಂಕು ಸಿಬ್ಬಂದಿಗೆ ಯಾವತ್ತೂ ಮತ್ತೆ ತಗಲ್ಬೋದು, ತಡೆ ಚಿಕಿತ್ಸೆ ಮುಂದಿನ ಸೋಂಕಿಗೆ ಗ್ಯಾರಂಟಿ ಅಲ್ಲ.

ಈಗ ಅವರಿಗೆ ಐದನೇ ತಿಂಗಳು. ಇಲ್ಲಿಂದ ಹೊಸ ಪ್ರಶ್ನೆ. ಬಸುರಿಯಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಮುಂದುವರಿಸೋದೇ ಒಳ್ಳೇದು ಅಂತ ಗ್ಯಾಸ್ಟ್ರೋ, ಗೈನಕ್ ಇಬ್ಬರೂ ಒಪ್ಪಿದ್ದಾರೆ, ಕಾಯಿಲೆ ಕೆರಳೋದು ಮಗುವಿಗೂ ಕೆಟ್ಟದ್ದು. ಆದ್ರೆ ಈ ಔಷಧಿ ಕೊನೇ ತಿಂಗಳುಗಳಲ್ಲಿ ಮಾಸಿನ ಮೂಲಕ ಮಗುವಿಗೆ ಹೋಗುತ್ತೆ, ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಮಗುವಿನ ರಕ್ತದಲ್ಲಿ ಇರುತ್ತೆ. ನಮ್ಮಲ್ಲಿ ಹುಟ್ಟಿದ ತಕ್ಷಣ ಬಿಸಿಜಿ, ಪೋಲಿಯೋ ಹನಿ, ಆರನೇ ವಾರಕ್ಕೆ ರೋಟಾ, ಮೂರೂ ಜೀವಂತ ಲಸಿಕೆ. ಬಸುರಿಯಲ್ಲಿ ತಾಯಿ ಇನ್‌ಫ್ಲಿಕ್ಸಿಮ್ಯಾಬ್ ತಗೊಂಡಿದ್ದ ಬ್ರಿಟನ್ನಿನ ಒಂದು ಮಗು ಬಿಸಿಜಿ ಆದ್ಮೇಲೆ ಅದೇ ಕ್ರಿಮಿ ಮೈಯೆಲ್ಲಾ ಹರಡಿ ನಾಲ್ಕೂವರೆ ತಿಂಗಳಿಗೆ ತೀರಿಕೊಂಡಿದ್ದು 2010ರಲ್ಲಿ ವರದಿ ಆಗಿದೆ. ಅದಾದ ಮೇಲೆ ಇಂಥ ಮಕ್ಕಳಿಗೆ ಜೀವಂತ ಲಸಿಕೆ ಕಮ್ಮಿ ಅಂದ್ರೂ ಆರು ತಿಂಗಳು ತಡ ಮಾಡಿ ಅಂತ ಹೇಳ್ತಾರೆ, ಇತ್ತೀಚೆಗೆ ಯುರೋಪಲ್ಲಿ ಒಂದು ವರ್ಷ ಅಂತಾರೆ. ಹೆಪಟೈಟಿಸ್ ಬಿ, ಪೆಂಟಾ, ಪೋಲಿಯೋ ಇಂಜೆಕ್ಷನ್ ಇವಕ್ಕೆ ತಡೆ ಇಲ್ಲ, ಟೈಮಿಗೆ ಸರಿಯಾಗಿ ಕೊಡ್ಬೇಕು.

ಲೇಬರ್ ವಾರ್ಡಲ್ಲಿ ಬಿಸಿಜಿ ಡಿಸ್ಚಾರ್ಜ್‌ಗೆ ಮುಂಚೆ ರೂಢಿ ಮೇಲೆ ಆಗಿಹೋಗುತ್ತೆ, ಯಾರೂ ತಾಯಿಯ ಕರುಳಿನ ಕಥೆ ಕೇಳಲ್ಲ. ಹೆರಿಗೆಗೆ ತವರಿಗೆ ಹೋಗ್ತಾರೆ, ಅಲ್ಲಿನ ಆಸ್ಪತ್ರೆ ಬೇರೆ, ಡಾಕ್ಟರು ಬೇರೆ. ಅದಕ್ಕೆ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ದೊಡ್ಡದಾಗಿ ಕೆಂಪಲ್ಲಿ ಬರೆಸಿದ್ದೀವಿ: ತಾಯಿ ಇನ್‌ಫ್ಲಿಕ್ಸಿಮ್ಯಾಬ್ ಮೇಲಿದ್ದಾರೆ, ಮಗುವಿಗೆ ಬಿಸಿಜಿ, ಪೋಲಿಯೋ ಹನಿ, ರೋಟಾ ಮಕ್ಕಳ ಡಾಕ್ಟರನ್ನ ಕೇಳದೆ ಕೊಡಬೇಡಿ. ತವರೂರಿನ ಆಶಾ ಕಾರ್ಯಕರ್ತೆಗೂ ಎಎನ್‌ಎಂಗೂ ಸಿಸ್ಟರ್ ತಾವೇ ಫೋನ್ ಮಾಡಿ, ಕಾಯಿಲೆ ಹೆಸರು ಹೇಳಿ, ವಿಷಯ ತಿಳಿಸಿದ್ದಾರೆ. ಎಎನ್‌ಎಂ ಅದನ್ನ ತಮ್ಮ ರಿಜಿಸ್ಟರಲ್ಲಿ ಬರ್ಕೊಂಡಿದ್ದಾರಂತೆ, ಇನ್ನು ಆ ಊರಿನ ಹೆರಿಗೆ ಆಸ್ಪತ್ರೆಗೆ ಗೈನಕ್ ಮೇಡಂ ಬರೆದ ಪತ್ರ ತಲುಪಿಸೋದು ಬಾಕಿ ಇದೆ.